ಮೊಲ, ಅಳಿಲಿಗೆ ಮೊದಲ ಬೋಲ್ಟ್ ಕೋವಿ: .22 ಸಾಕಾ, .17 ಬೇಕಾ?

ಹೊಸಬ_ಶಿಕಾರಿ

ಎಲ್ಲರಿಗೂ ನಮಸ್ಕಾರ. ಆರು ವರ್ಷ ಏರ್ ರೈಫಲ್ ಹಿಡಿದು ಡಬ್ಬಿ, ಕಾಗದ ಹೊಡೆದವನು ನಾನು. ಈಗ ಲೈಸೆನ್ಸ್ ಆಗಿದೆ, ಬೇಟೆಯ ಪರವಾನಗಿಯೂ ಕೈಲಿದೆ. ಮೊದಲ ರಿಮ್‌ಫೈರ್ ಕೋವಿ (ತೋಟೆಯ ಅಂಚಿಗೆ ಪಿನ್ ಬಡಿದು ಹಾರಿಸುವಂಥದ್ದು) ತೆಗೆದುಕೊಳ್ಳಬೇಕು.

ಬೇಟೆ ಅಂದರೆ ಮೊಲ, ಅಳಿಲು, ಅಷ್ಟೇ. ದೂರ 30ರಿಂದ 70 ಗಜ. ಅಪರೂಪಕ್ಕೆ 100. ಹೊಡೆದದ್ದನ್ನು ತಿನ್ನುತ್ತೇವೆ, ಹಾಗಾಗಿ ಮಾಂಸ ಚಿಂದಿಯಾಗಬಾರದು. ಬೋಲ್ಟ್ ಆಕ್ಷನ್ನೇ, ಅಂದರೆ ಪ್ರತಿ ಈಡಿಗೂ ಹಿಡಿಯನ್ನು ಕೈಯಿಂದ ಎಳೆದು ತೋಟೆ ತುಂಬುವಂಥದ್ದೇ ಬೇಕು ಅನ್ನೋದು ಮಾತ್ರ ಗಟ್ಟಿ.

ನೋಡಿಟ್ಟಿರುವುದು ನಾಲ್ಕು: ಸಿಝಡ್ 457, ಟಿಕ್ಕಾ ಟಿ1ಎಕ್ಸ್, ರೂಗರ್ ಅಮೆರಿಕನ್ ರಿಮ್‌ಫೈರ್, ಸ್ಯಾವೇಜ್ ಮಾರ್ಕ್ 2. ವಿಡಿಯೋ ನೋಡಿ ನೋಡಿ ತಲೆ ಕೆಟ್ಟಿದೆ. ಒಬ್ಬ ಇದೇ ಅಂತಾನೆ, ಇನ್ನೊಬ್ಬ ಅದು ಬರೀ ಪ್ಲಾಸ್ಟಿಕ್ ಅಂತಾನೆ. ತೋಟೆ ಸಾದಾ .22 ಎಲ್‌ಆರ್ ತಗೊಳ್ಳಲಾ, ಅದಕ್ಕಿಂತ ಸಣ್ಣ ಗುಂಡಿನ, ವೇಗದ .17 ಎಚ್‌ಎಂಆರ್ ತಗೊಳ್ಳಲಾ? ನಳಿಗೆ ಉದ್ದ ಇರಬೇಕಾ, ಗಿಡ್ಡ ಸಾಕಾ? ಬಲ್ಲವರು ಹೇಳಿ.

ಹದಿನೇಳರವನು

.17 ಎಚ್‌ಎಂಆರ್. ಕಣ್ಣು ಮುಚ್ಚಿಕೊಂಡು ತಗೊಳ್ಳಿ.

17 ಗ್ರೇನ್ ತೂಕದ ಗುಂಡು ಸೆಕೆಂಡಿಗೆ 2,550 ಅಡಿ ಹೋಗುತ್ತದೆ. 100 ಗಜಕ್ಕೆ ಝೀರೋ ಮಾಡಿದರೆ, ಅಂದರೆ ಗುರಿಯೂ ಗುಂಡೂ ಆ ದೂರದಲ್ಲಿ ಒಂದೇ ಕಡೆ ಸೇರುವ ಹಾಗೆ ಹೊಂದಿಸಿದರೆ, ಅಲ್ಲಿವರೆಗೂ ಗುರಿ ಎಲ್ಲಿಟ್ಟಿರೋ ಹೆಚ್ಚುಕಡಿಮೆ ಅಲ್ಲೇ ಬೀಳುತ್ತದೆ. ಲೆಕ್ಕಾಚಾರ ಬೇಡ, ಏನೂ ಬೇಡ. .22ನಲ್ಲಿ 50 ಗಜ ದಾಟಿದರೆ ಗುಂಡು ಕಲ್ಲು ಬಿದ್ದ ಹಾಗೆ ಬೀಳುತ್ತದೆ. 1887ರ ತೋಟೆ ಅದು ಸ್ವಾಮಿ. ಇದು 2002ರದ್ದು.

ಹಳೇಬೋಲ್ಟ್

ಹದಿನೇಳರವರೇ, ಅವರು ಕೇಳಿದ್ದನ್ನು ಇನ್ನೊಮ್ಮೆ ಓದಿ. 30ರಿಂದ 70 ಗಜ. ತಿನ್ನೋದಕ್ಕೆ.

ನಾನೂ .17 ಇಟ್ಟುಕೊಂಡಿದ್ದೆ, ಅದು ಕೆಟ್ಟ ತೋಟೆ ಅಂತ ಹೇಳುವುದಿಲ್ಲ. ಆದರೆ ಆ ಪ್ಲಾಸ್ಟಿಕ್ ತುದಿಯ ಗುಂಡು ತಾಗಿದ ಕೂಡಲೇ ಒಡೆದು ಚೂರಾಗುವ ಹಾಗೆ ಮಾಡಿರುವುದು. ತಲೆಗೆ ಬಿದ್ದರೆ ಸರಿ. ಎರಡಿಂಚು ಹಿಂದೆ ಬಿದ್ದರೆ ಮೊಲದ ಮುಂಗಾಲಿನ ಭಾಗ ಪೂರ್ತಿ ರಕ್ತದ ಮುದ್ದೆ. ಅಳಿಲಿಗೆ ಬಿದ್ದರೆ ಸುಲಿಯೋದಕ್ಕೂ ಏನೂ ಉಳಿದಿರುವುದಿಲ್ಲ.

ಶಕ್ತಿ ಲೆಕ್ಕ ನೋಡಿ. .17 ನಳಿಗೆಯ ಬಾಯಲ್ಲಿ ಸುಮಾರು 245 ಫುಟ್-ಪೌಂಡ್. 40 ಗ್ರೇನಿನ ಸಬ್‌ಸೋನಿಕ್ (ಶಬ್ದಕ್ಕಿಂತ ನಿಧಾನ ಹೋಗುವ) .22 ಸುಮಾರು 100. ಒಂದು ಮೊಲಕ್ಕೆ 100 ಬೇಕಾದಷ್ಟಾಯಿತು. ಏರ್ ರೈಫಲ್‌ನಲ್ಲಿ ಅದರ ಕಾಲುಭಾಗವೂ ಇಲ್ಲದೆ ಮೊಲ ಹೊಡೆಯುವವರು ಇದ್ದಾರೆ. ಗುಂಡು ಎಲ್ಲಿ ಬೀಳುತ್ತದೆ ಅನ್ನೋದಷ್ಟೇ ಪ್ರಶ್ನೆ.

ಇನ್ನು ಸದ್ದು. .17 ಯಾವಾಗಲೂ ಶಬ್ದದ ವೇಗ ಮೀರಿಯೇ ಹೋಗುತ್ತದೆ. ಸಪ್ರೆಸರ್ (ಸದ್ದು ತಗ್ಗಿಸಲು ನಳಿಗೆಯ ಬಾಯಿಗೆ ಹಾಕುವ ಕೊಳವೆ) ಹಾಕಿದರೂ ಆ ಚಟೀರ್ ಅನ್ನೋದು ಹೋಗಲ್ಲ. .22 ಬೋಲ್ಟ್‌ನಲ್ಲಿ ಸಬ್‌ಸೋನಿಕ್ ಹಾಕಿ, ಕಾನೂನು ಬಿಟ್ಟರೆ ಸಪ್ರೆಸರ್ ಹಾಕಿ. ಪಿನ್ ಹೊಡೆದ ಟಿಕ್ ಸದ್ದು, ಗುಂಡು ತಾಗಿದ ಸದ್ದು, ಅಷ್ಟೇ. ಪಕ್ಕದ ಮೊಲ ತಲೆ ಎತ್ತಿ ನೋಡಿ ಮತ್ತೆ ಮೇಯುತ್ತದೆ. ಬೋಲ್ಟ್ ಬೇಕು ಅಂದಿದ್ದೀರಲ್ಲ, ಬೋಲ್ಟಿನ ದೊಡ್ಡ ಲಾಭವೇ ಇದು. ಸಬ್‌ಸೋನಿಕ್ ತೋಟೆಗೆ ಎಷ್ಟೋ ಸೆಮಿ ಆಟೋಗಳ (ಹಾರಿಸಿದ ಮೇಲೆ ತಾವೇ ಮುಂದಿನ ತೋಟೆ ತುಂಬುವ ಕೋವಿಗಳ) ಬೋಲ್ಟನ್ನು ತಾನೇ ಹಿಂದಕ್ಕೆ ತಳ್ಳುವಷ್ಟು ತ್ರಾಣ ಇರುವುದಿಲ್ಲ. ಬೋಲ್ಟಿಗೆ ತ್ರಾಣ ನಿಮ್ಮ ಕೈಯದ್ದು.

ಹದಿನೇಳರವನು

ಗಾಳಿಯ ಮಾತು ಎಲ್ಲಿ ಹೋಯಿತು ಗುರುಗಳೇ? .22 ಗಾಳಿಗೆ ಗಾಳಿಪಟ.

ಲೆಕ್ಕದಯ್ಯ

ಗಾಳಿ ವಿಚಾರ ಬಂತಲ್ಲ, ಈಗ ನನ್ನ ಸರದಿ.

ಅಡ್ಡಗಾಳಿ ಗಂಟೆಗೆ 10 ಮೈಲಿ, ದೂರ 100 ಗಜ ಅಂತ ಇಟ್ಟುಕೊಳ್ಳಿ. .17 ಎಚ್‌ಎಂಆರ್ 17 ಗ್ರೇನ್ ಸುಮಾರು 4 ಇಂಚು ಸರಿಯುತ್ತದೆ. 1,070 ಅಡಿಯ ಸಬ್‌ಸೋನಿಕ್ .22 ಸುಮಾರು ನಾಲ್ಕೂವರೆ. 1,235 ಅಡಿಯ ಹೈ ವೆಲಾಸಿಟಿ .22 ಐದಕ್ಕಿಂತ ಜಾಸ್ತಿ.

ಕೊನೆಯದನ್ನು ಗಮನಿಸಿ. ಜೋರಾಗಿ ಹೋಗುವ .22 ನಿಧಾನದ್ದಕ್ಕಿಂತ ಹೆಚ್ಚು ಸರಿಯುತ್ತದೆ. ಮೊದಲ ಸಲ ಕೇಳಿದಾಗ ನಾನೂ ನಂಬಲಿಲ್ಲ. ಗಾಳಿ ಗುಂಡನ್ನು ಸರಿಸುವುದು ಅದು ಎಷ್ಟು ಹೊತ್ತು ಹಾರಿತು ಅನ್ನೋದರ ಮೇಲಲ್ಲ, ದಾರಿಯಲ್ಲಿ ಎಷ್ಟು ವೇಗ ಕಳೆದುಕೊಂಡಿತು ಅನ್ನೋದರ ಮೇಲೆ. ಶಬ್ದದ ವೇಗದ ಆಸುಪಾಸಿನಲ್ಲಿ ಗಾಳಿಯ ಎಳೆತ ಒಮ್ಮೆಲೇ ಏರುತ್ತದೆ. ಹೈ ವೆಲಾಸಿಟಿ ಗುಂಡು ಅದೇ ಜಾಗದಲ್ಲಿ ಒದ್ದಾಡುತ್ತದೆ. ಸಬ್‌ಸೋನಿಕ್ ಮೊದಲಿಂದಲೂ ಅದರ ಕೆಳಗೇ ಇರುವುದರಿಂದ ಕಳೆದುಕೊಳ್ಳುವುದು ಕಡಿಮೆ.

ಹಾಗಾಗಿ ಗಾಳಿಯಲ್ಲಿ .17 ಗೆಲ್ಲುತ್ತದೆ, ಆದರೆ ವಿಡಿಯೋದವರು ಕೂಗಿದಷ್ಟಲ್ಲ. ಬೀಳುವುದರಲ್ಲಿ ಮಾತ್ರ ಪೂರ್ತಿ ಅದರದ್ದೇ ಗೆಲುವು, ಒಪ್ಪಿದೆ. ಸಬ್‌ಸೋನಿಕ್ .22 ಅನ್ನು 50 ಗಜಕ್ಕೆ ಝೀರೋ ಮಾಡಿದರೆ 75ರಲ್ಲಿ ಎರಡೂವರೆ ಇಂಚು, 100ರಲ್ಲಿ ಸುಮಾರು 7 ಇಂಚು ಕೆಳಗೆ. ಹತ್ತಿರದ್ದನ್ನೂ ಮರೆಯಬೇಡಿ. ಸ್ಕೋಪ್ ನಳಿಗೆಗಿಂತ ಒಂದೂವರೆ ಇಂಚು ಮೇಲಿರುತ್ತದೆ ಅಲ್ವಾ? 10 ಗಜದಲ್ಲಿ ಗುಂಡು ಅರ್ಧ ಇಂಚು ಕೆಳಗೇ ಹೋಗುತ್ತದೆ. ಕಾಲ ಬುಡದಲ್ಲಿ ಕೂತ ಅಳಿಲನ್ನು ತಪ್ಪಿಸಿಕೊಂಡು ತಲೆ ಕೆರೆದುಕೊಂಡವರು ಬಹಳ ಜನ.

ಹಳೇಬೋಲ್ಟ್

ಕೊನೆಯ ವಾಕ್ಯದಲ್ಲಿ ಇರುವವನು ನಾನೇ ಅಂತ ಲೆಕ್ಕದಯ್ಯನಿಗೆ ಗೊತ್ತು.

ಎಡಗೈ_ಅಕ್ಕ

.22 ಮ್ಯಾಗ್ನಂ ಬಗ್ಗೆ ಯಾರೂ ಹೇಳಲೇ ಇಲ್ಲ. ನನ್ನದು ಅದೇ. 40 ಗ್ರೇನ್, ಸುಮಾರು 1,900 ಅಡಿ. 1959ರಿಂದ ಇರುವ ತೋಟೆ. ನರಿ ಗಾತ್ರದ್ದಕ್ಕೂ ಆಗುತ್ತೆ ಅಂತ ತಗೊಂಡೆ. ಬರೀ ಮೊಲ, ಅಳಿಲು ಅಂದರೆ ನಾನೂ .22 ಎಲ್‌ಆರ್ ಅಂತಲೇ ಹೇಳುತ್ತೇನೆ.

ಒಂದು ಎಚ್ಚರಿಕೆ. ಹೆಸರಲ್ಲಿ .22 ಇದೆ ಅಂತ ಎಲ್‌ಆರ್ ತೋಟೆಯನ್ನು ಮ್ಯಾಗ್ನಂ ಕೋವಿಗೆ ಹಾಕಬೇಡಿ. ಮ್ಯಾಗ್ನಂ ತೋಟೆಯ ಕವಚವೇ ದಪ್ಪ. ಎಲ್‌ಆರ್ ಅದರೊಳಗೆ ಸಡಿಲವಾಗಿ ಕೂರುತ್ತದೆ. ಹಾರಿಸಿದರೆ ಕವಚ ಸೀಳಿ ಬಿಸಿ ಗಾಳಿ ಮುಖಕ್ಕೆ ಬರಬಹುದು.

ಎಡಗೈಯವರು ಇದನ್ನು ಓದುತ್ತಿದ್ದರೆ: ಸಿಝಡ್ 457ರಲ್ಲೂ ಸ್ಯಾವೇಜ್ ಮಾರ್ಕ್ 2ರಲ್ಲೂ ಎಡಗೈ ಬೋಲ್ಟ್ ಇರುವ ಮಾದರಿಗಳು ಬಂದಿವೆ. ಬಲಗೈ ಬೋಲ್ಟಿನ ಮೇಲೆ ಕೈ ಆಚೆ ಚಾಚಿ ಹನ್ನೊಂದು ವರ್ಷ ಕಳೆದೆ ನಾನು. ಬೇಡಪ್ಪ.

ಹೊಸಬ_ಶಿಕಾರಿ

ನಾನು ಬಲಗೈಯವನೇ ಅಕ್ಕ. ಸರಿ, .22 ಎಲ್‌ಆರ್ ಅಂತ ಇಟ್ಟುಕೊಳ್ಳೋಣ. ಹದಿನೇಳರವರು ಬೇಜಾರು ಮಾಡಿಕೊಳ್ಳಬಾರದು.

ಈಗ ಕೋವಿಗೆ ಬರೋಣ. ನಾಲ್ಕರಲ್ಲಿ ಯಾವುದು?

ಹಳೇಬೋಲ್ಟ್

ನಾಲ್ಕೂ ಮೊಲ ಹೊಡೆಯುತ್ತವೆ. ಇದನ್ನು ಮೊದಲು ತಲೆಗೆ ಹಾಕಿಕೊಳ್ಳಿ, ಅರ್ಧ ಭಾರ ಇಳಿಯುತ್ತದೆ. ನಾಲ್ಕರಲ್ಲೂ ಒಳ್ಳೆ ತೋಟೆ ಸಿಕ್ಕಿದರೆ 50 ಗಜದಲ್ಲಿ ಐದು ಗುಂಡು ಒಂದಿಂಚಿನ ಒಳಗೆ ಕೂರಬೇಕು. ಕೂರದಿದ್ದರೆ ಮೊದಲು ತೋಟೆ, ಸ್ಕೋಪಿನ ಸ್ಕ್ರೂ ನೋಡಿ, ಆಮೇಲೆ ಕೋವಿಯನ್ನು ಬೈಯಿರಿ.

ಆ ಒಂದಿಂಚು ಯಾಕೆ ಅಂದರೆ ಮೊಲದ ಮಿದುಳಿನ ಜಾಗ ಹೆಚ್ಚುಕಡಿಮೆ ಅಷ್ಟೇ. ಅಳಿಲಿನದ್ದು ಇನ್ನೂ ಸಣ್ಣದು. ಬೆಂಚಿನ ಮೇಲೆ ಮರಳಿನ ಚೀಲ ಇಟ್ಟು ಹೊಡೆಯುವ ಒಂದಿಂಚು ಅಲ್ಲ ಮತ್ತೆ. ಮಂಡಿಯೂರಿ, ಮರಕ್ಕೆ ಒರಗಿ, ಉಸಿರು ಏರಿರುವಾಗ ಹೊಡೆಯುವ ಒಂದಿಂಚು. ಯಾವ ದೂರದಲ್ಲಿ ಹಾಗೆ ಐದಕ್ಕೆ ಐದು ಕೂರಿಸಬಲ್ಲಿರೋ ಅದು ನಿಮ್ಮ ಬೇಟೆಯ ದೂರ. ನನ್ನದು 60 ಗಜ. ಹತ್ತು ವರ್ಷದ ಹಿಂದೆ 75 ಇತ್ತು. ಕೋವಿ ಅದೇ, ಕಣ್ಣು ಬೇರೆ.

ಈಗ ನಾಲ್ಕರ ಬಗ್ಗೆ ನನಗೆ ಅನಿಸಿದ್ದು.

ಸಿಝಡ್ 457 ಬಂದದ್ದು 452, 455ರ ನಂತರ. 455ರಲ್ಲಿ ಬೋಲ್ಟ್ ಹಿಡಿ 90 ಡಿಗ್ರಿ ಎತ್ತಬೇಕಿತ್ತು, ಇದರಲ್ಲಿ 60. ಸಣ್ಣ ವಿಷಯ ಅನಿಸಬಹುದು. ಸ್ಕೋಪನ್ನು ತಗ್ಗಿಸಿ ಕೂರಿಸಿದಾಗ ಗೊತ್ತಾಗುತ್ತದೆ, ಬೆರಳು ಗಾಜಿನ ಬುಡಕ್ಕೆ ತಗುಲುವುದಿಲ್ಲ. ಟ್ರಿಗರ್ ಮನೆಯಲ್ಲೇ ಹದ ಮಾಡಿಕೊಳ್ಳಬಹುದು. ನಳಿಗೆಯನ್ನು ಬಿಚ್ಚಿ ಬೇರೆ ಹಾಕಬಹುದು, .17 ಎಚ್‌ಎಂಆರ್ ನಳಿಗೆ ಕೂಡ. ಹದಿನೇಳರವರಿಗೂ ಸಮಾಧಾನ. ಹಳೇ 452 ಬಳಸಿದವರಿಗೆ ಒಂದು ಮಾತು: ಅದರ ಸೇಫ್ಟಿ ಉಲ್ಟಾ ಇತ್ತು, ಹಿಂದಕ್ಕೆ ಎಳೆದರೆ ಹಾರಿಸಲು ಸಿದ್ಧ. 457ರಲ್ಲಿ ಉಳಿದ ಕೋವಿಗಳ ಹಾಗೆ ಮುಂದಕ್ಕೆ. ಎರಡನ್ನೂ ಇಟ್ಟುಕೊಂಡವರು ಹುಷಾರು.

ಟಿಕ್ಕಾ 2018ರದ್ದು. ಕೈಗೆ ಹಗುರ, ಬೋಲ್ಟ್ ಬೆಣ್ಣೆ. ದೊಡ್ಡ ಟಿಕ್ಕಾ ಇಟ್ಟುಕೊಂಡವರಿಗೆ ಇದು ಅದರ ತಮ್ಮ, ಸ್ಟಾಕ್ (ಭುಜಕ್ಕೆ, ಕೆನ್ನೆಗೆ ಇಡುವ ಕೋವಿಯ ಒಡಲು) ಕೂಡ ಅದಲುಬದಲು ಆಗುತ್ತದೆ. ಪ್ಲಾಸ್ಟಿಕ್ ಸ್ಟಾಕ್ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ ಅನ್ನೋದು ನಿಜ. ಮೊಲ ಅದನ್ನು ತಟ್ಟಿ ನೋಡುವುದಿಲ್ಲ.

ರೂಗರ್‌ಗೆ ಅದೇ ಮನೆಯ 10/22ರ ತಿರುಗುವ ಮ್ಯಾಗಜಿನ್ ಹಿಡಿಯುತ್ತದೆ. 10 ತೋಟೆ, ಹೊಟ್ಟೆಯಿಂದ ಹೊರಗೆ ಚಾಚಿಕೊಂಡಿರುವುದಿಲ್ಲ. ನಡೆಯುವಾಗ ಕೋವಿಯ ನಡು ಹಿಡಿದು ಹೋಗುವವನಿಗೆ ಇದು ಸುಖ. ಸ್ಯಾವೇಜ್‌ದು ಅಕ್ಯುಟ್ರಿಗರ್ ಅನ್ನೋ ಹದ ಮಾಡಿಕೊಳ್ಳುವ ಟ್ರಿಗರ್, ಒಳ್ಳೇದು. ಫಿನಿಶ್ ಒರಟು. ಬೇಲಿ ನುಗ್ಗುವಾಗ ಗೀರು ಬಿದ್ದರೂ ಹೊಟ್ಟೆ ಉರಿಯುವುದಿಲ್ಲ, ಅದೂ ಒಂದು ಗುಣವೇ.

ಮೌನಿ

ಭುಜಕ್ಕೆ ಇಟ್ಟು ನೋಡಿ. ಕಣ್ಣು ಮುಚ್ಚಿ ಎತ್ತಿ, ಕೆನ್ನೆ ಇಡಿ, ಕಣ್ಣು ಬಿಡಿ. ಸ್ಕೋಪಿನಲ್ಲಿ ಪೂರ್ತಿ ಬಿಂಬ ಕಂಡರೆ ಅದೇ ನಿಮ್ಮ ಕೋವಿ.

ಹಳೇಬೋಲ್ಟ್

ಮೌನಿ ವರ್ಷಕ್ಕೊಮ್ಮೆ ಮಾತಾಡುತ್ತಾರೆ, ನಾನು ಮೂರು ಪ್ಯಾರಾದಲ್ಲಿ ಹೇಳದ್ದನ್ನು ಹೇಳಿ ಹೋಗುತ್ತಾರೆ.

ಅದಕ್ಕೇ ಸೇರಿಸುತ್ತೇನೆ. 457ರಲ್ಲೇ ಲಕ್ಸ್ ಅಂತ ಒಂದಿದೆ, ಅಮೆರಿಕನ್ ಅಂತ ಒಂದಿದೆ. ಲಕ್ಸ್‌ನ ಸ್ಟಾಕ್ ಬೆನ್ನು ಬಾಗಿದ್ದು, ಕಬ್ಬಿಣದ ಸೈಟಿಗೆ ಕೆನ್ನೆ ತಗ್ಗಬೇಕು ಅಂತ ಹಾಗೆ ಮಾಡಿದ್ದು. ಅದಕ್ಕೆ ಎತ್ತರದ ಸ್ಕೋಪ್ ಹಾಕಿದರೆ ಕೆನ್ನೆ ಗಾಳಿಯಲ್ಲಿ ತೇಲುತ್ತದೆ. ಅಮೆರಿಕನ್‌ಗೆ ಸೈಟ್ ಇಲ್ಲ, ಸ್ಟಾಕ್ ನೇರ. ಸ್ಕೋಪಿಗೆ ಅದು. ಎಷ್ಟೋ ಜನ ಮರದ ಅಂದ ನೋಡಿ ಲಕ್ಸ್ ತಂದು, ಆಮೇಲೆ ಸ್ಟಾಕಿನ ಮೇಲೆ ಫೋಮ್ ಕಟ್ಟಿಕೊಂಡು ಕೂತಿದ್ದಾರೆ.

ಹೊಸಬ_ಶಿಕಾರಿ

ಲಕ್ಸ್ ನೋಡಿ ಮನಸ್ಸು ಸೋತವನು ನಾನೂ ಒಬ್ಬ. ಒಳ್ಳೇ ಸಮಯಕ್ಕೆ ಹೇಳಿದಿರಿ ಸರ್.

ನಳಿಗೆ? ಲಕ್ಸ್, ಅಮೆರಿಕನ್ ಎರಡಕ್ಕೂ 24.8 ಇಂಚು ಅಂತಿದೆ. 16 ಇಂಚಿನದ್ದೂ ಸಿಗುತ್ತದಂತೆ.

ಲೆಕ್ಕದಯ್ಯ

.22 ಎಲ್‌ಆರ್ ತೋಟೆಯಲ್ಲಿ ಇರೋದೇ ಚಿಟಿಕೆ ಮದ್ದು. 16ರಿಂದ 18 ಇಂಚು ಹೋಗುವಷ್ಟರಲ್ಲಿ ಅದರ ತಳ್ಳಾಟ ಮುಗಿದಿರುತ್ತದೆ. ಅಲ್ಲಿಂದಾಚೆ ವೇಗ ಹೆಚ್ಚುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಗಿಡ್ಡ ನಳಿಗೆ ಅಂದರೆ ಗುರಿ ಕಡಿಮೆ ಅನ್ನೋದು ಸುಮ್ನೆ ಮಾತು. ಉದ್ದ ನಳಿಗೆಯ ಲಾಭ ಬೇರೆ: ಮೂತಿ ಭಾರ ಇರುವುದರಿಂದ ನಿಂತು ಹೊಡೆಯುವಾಗ ತೂಗಾಡುವುದು ಕಡಿಮೆ, ಬಾಯಲ್ಲಿ ಸದ್ದೂ ಸ್ವಲ್ಪ ಕಡಿಮೆ. ಸಪ್ರೆಸರ್ ಹಾಕುವುದಿದ್ದರೆ 16 ತಗೊಳ್ಳಿ. ಉದ್ದದ್ದಕ್ಕೇ ಹಾಕಿದರೆ 24ರ ಮೇಲೆ ಇನ್ನೂ ಆರೇಳು ಇಂಚು ಸೇರಿ ಬೆತ್ತ ಹಿಡಿದು ಪೊದೆ ನುಗ್ಗಿದ ಹಾಗಾಗುತ್ತದೆ.

ನಳಿಗೆಯ ಬಾಯಿಯ ಮರೆಯನ್ನೂ (ಸಪ್ರೆಸರ್ ತಿರುಗಿಸಿ ಕೂರಿಸುವ ಸ್ಕ್ರೂ ಸುತ್ತು) ನೋಡಿಕೊಳ್ಳಿ. ಅರ್ಧ ಇಂಚಿನದ್ದರಲ್ಲೇ ಎರಡು ಬಗೆ ಇದೆ, ಇಂಚಿಗೆ 28 ಸುತ್ತಿನದ್ದು ಒಂದು, 20 ಸುತ್ತಿನದ್ದು ಒಂದು. ನೋಡೋಕೆ ಒಂದೇ ಥರ. ಒಂದಕ್ಕೊಂದು ಕೂರುವುದಿಲ್ಲ. ಬಲವಂತ ಮಾಡಿದರೆ ಮರೆ ಹೋಯಿತು, ನೇರ ಕೂರದ ಸಪ್ರೆಸರಿನ ಒಳಗೋಡೆಗೆ ಗುಂಡು ತಾಗಿದರೆ ಅದೂ ಹೋಯಿತು.

ಚಳಿಯ ಒಂದು ಚಮತ್ಕಾರ ಹೇಳುತ್ತೇನೆ. 20 ಡಿಗ್ರಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,125 ಅಡಿ. ಸೊನ್ನೆ ಡಿಗ್ರಿಯಲ್ಲಿ ಸುಮಾರು 1,087. ಬೇಸಿಗೆಯಲ್ಲಿ ಸದ್ದಿಲ್ಲದೆ ಹೋಗುತ್ತಿದ್ದ ತೋಟೆ ಚಳಿಗಾಲದ ಬೆಳಗ್ಗೆ ಒಂದೊಂದು ಸಲ ಚಟ್ ಅನ್ನುತ್ತದೆ. ಕೋವಿ ಕೆಟ್ಟಿದೆ ಅಂತ ಗಾಬರಿ ಬೇಡ.

ಹದಿನೇಳರವನು

ಸ್ಕೋಪಿನ ವಿಷಯ ಯಾರೂ ಎತ್ತಿಲ್ಲ. ನಾನೇ ಎತ್ತುತ್ತೇನೆ, ಯಾಕೆಂದರೆ ಉಗಿಸಿಕೊಂಡವನು ನಾನೇ.

ಮೊದಲ .22ಗೆ ದೊಡ್ಡ ಕೋವಿಯಿಂದ ಬಿಚ್ಚಿದ ಸ್ಕೋಪ್ ಹಾಕಿದ್ದೆ. ದುಬಾರಿ ಸ್ಕೋಪ್, ಗಾಜು ಸ್ಫಟಿಕ. 25 ಗಜದಲ್ಲಿ ಅಳಿಲು. ಒಂದು ಈಡು ಎಡಕ್ಕೆ, ಇನ್ನೊಂದು ಬಲಕ್ಕೆ. ಕೋವಿ ಮಾರಿಬಿಟ್ಟೆ. ಎರಡು ವರ್ಷ ಆದ ಮೇಲೆ ಗೊತ್ತಾಯಿತು, ತಪ್ಪು ಪ್ಯಾರಲಾಕ್ಸ್‌ದು ಅಂತ. ಆ ಮಾರಿದ ಕೋವಿ ನೆನಪಾದರೆ ಈಗಲೂ ಹೊಟ್ಟೆ ಚುರುಕ್ ಅನ್ನುತ್ತದೆ.

ಲೆಕ್ಕದಯ್ಯ

ಇದು ಬಹಳ ಮುಖ್ಯ, ಒಂದು ನಿಮಿಷ ನಿಲ್ಲೋಣ.

ಸ್ಕೋಪಿನೊಳಗೆ ಬಿಂಬ ಮತ್ತು ಕ್ರಾಸ್‌ಹೇರ್ ಒಂದೇ ಮಟ್ಟದಲ್ಲಿ ಕೂರುವುದು ಒಂದೇ ಒಂದು ದೂರದಲ್ಲಿ. ಬೇರೆ ದೂರದಲ್ಲಿ ಕಣ್ಣು ಸ್ವಲ್ಪ ಸರಿದರೆ ಕ್ರಾಸ್‌ಹೇರ್ ಗುರಿಯ ಮೇಲೆ ಓಡಾಡುತ್ತದೆ. ದೊಡ್ಡ ಕೋವಿಯ ಸ್ಕೋಪುಗಳಲ್ಲಿ ಆ ದೂರ 100 ಅಥವಾ 150 ಗಜ. ರಿಮ್‌ಫೈರ್ ಸ್ಕೋಪುಗಳಲ್ಲಿ ಸಾಮಾನ್ಯವಾಗಿ 50.

ಎಷ್ಟು ತಪ್ಪಬಹುದು? ಮುಂದಿನ ಗಾಜಿನ ಅಗಲದ ಅರ್ಧ ತಗೊಳ್ಳಿ. ಗುರಿಯ ದೂರಕ್ಕೂ ಸ್ಕೋಪಿನ ದೂರಕ್ಕೂ ಇರುವ ವ್ಯತ್ಯಾಸದಿಂದ ಗುಣಿಸಿ, ಸ್ಕೋಪಿನ ದೂರದಿಂದ ಭಾಗಿಸಿ. 40 ಮಿ.ಮೀ. ಗಾಜು, 150 ಗಜದ ಸ್ಕೋಪ್, 25 ಗಜದ ಅಳಿಲು: 20 ಗುಣಿಸು 125 ಭಾಗಿಸು 150. ಸುಮಾರು 17 ಮಿ.ಮೀ. ಒಂದಿಂಚಿನ ವೃತ್ತದ ನಡುವಿನಿಂದ ಅಂಚಿಗೆ ಇರೋದೇ 12.7. ಅಂದರೆ ನಿಮ್ಮ ಕೈ ಕಲ್ಲಿನ ಹಾಗೆ ನಿಂತರೂ ಗುಂಡು ಹೊರಗೆ. ಅದೇ 50 ಗಜದ ಸ್ಕೋಪಾದರೆ ಹೆಚ್ಚೆಂದರೆ 10 ಮಿ.ಮೀ., ವೃತ್ತದ ಒಳಗೇ. ಇದು ಕಣ್ಣು ಪೂರ್ತಿ ಅಂಚಿಗೆ ಸರಿದಾಗಿನ ಮಾತು. ಕೆನ್ನೆ ಪ್ರತಿ ಸಲ ಒಂದೇ ಜಾಗಕ್ಕೆ ಬಂದರೆ ಅಷ್ಟು ತಪ್ಪಲ್ಲ. ಮೌನಿ ಹೇಳಿದ್ದು ಅದಕ್ಕೇ.

2ರಿಂದ 7 ಪಟ್ಟಿನ, 32 ಮಿ.ಮೀ. ಗಾಜಿನ ರಿಮ್‌ಫೈರ್ ಸ್ಕೋಪ್ ಸಾಕು. ದೂರ ತಿರುಗಿಸಿ ಹೊಂದಿಸುವಂಥದ್ದು ಸಿಕ್ಕಿದರೆ ಇನ್ನೂ ಒಳ್ಳೇದು. ಆದರೆ ಮೊಲ ಎದುರಿಗೆ ಕೂತಿರುವಾಗ ಅದನ್ನು ತಿರುಗಿಸುವಷ್ಟು ವ್ಯವಧಾನ ನನಗಂತೂ ಇಲ್ಲ.

ಎಡಗೈ_ಅಕ್ಕ

ಸ್ಕೋಪ್ ಕೂರಿಸುವ ಮೌಂಟ್ ತಗೊಳ್ಳುವ ಮುಂಚೆ ಕೋವಿಯ ಬೆನ್ನು ನೋಡಿ ತಮ್ಮ. ಸಿಝಡ್‌ಗೆ 11 ಮಿ.ಮೀ. ಡವ್‌ಟೇಲ್ (ರಿಂಗ್ ಕಚ್ಚಿಕೊಳ್ಳಲು ಬೆನ್ನಲ್ಲೇ ಕೊರೆದ ಗಾಡಿ) ಇರುತ್ತದೆ. ಅಗಲ ಪಟ್ಟಿಗೆ ಮಾಡಿದ ಪಿಕಾಟಿನಿ ರಿಂಗ್ ತಂದು ಬಿಗಿಯೋಕೆ ಹೋದರೆ ಅದು ಹಿಡಿಯುವುದಿಲ್ಲ. ನಾನು ಸ್ಕೋಪ್ ತಂದ ದಿನ ರಾತ್ರಿ ಇದನ್ನು ಕಂಡುಹಿಡಿದೆ. ಮರುದಿನ ಬೆಳಗ್ಗೆ ಬೇಟೆಗೆ ಹೊರಡೋದಿತ್ತು.

ಕಾಗದದ_ಗುರಿ

ಎಲ್ಲರೂ ಕೋವಿ ಕೋವಿ ಅಂತಿದ್ದೀರಿ. ನಾನು ಬೇಟೆಯವನಲ್ಲ, ಕಾಗದಕ್ಕೆ ಹೊಡೆಯುವವನು. .22ನಲ್ಲಿ ಜಾಸ್ತಿ ಫಲ ಕೊಡೋದು ತೋಟೆಯ ಆಯ್ಕೆ. ಅದಕ್ಕೆ ಒಂದು ಪೂರ್ತಿ ದಿನ ಇಡಿ.

ಒಂದೇ ಕಂಪನಿಯ ಒಂದೇ ಮಾದರಿಯ ಎರಡು ಕೋವಿಗಳು ಬೇರೆ ಬೇರೆ ತೋಟೆಯನ್ನು ಇಷ್ಟಪಡುತ್ತವೆ. ಯಾಕೆ ಅಂತ ಕೇಳಿದರೆ ಚೇಂಬರಿನ ಸಣ್ಣ ಅಳತೆ, ನಳಿಗೆಯ ಕೊರೆತ, ನಡುಕ ಅಂತೆಲ್ಲ ಹೇಳಬಹುದು. ಕೊನೆಗೆ ಹೊಡೆದೇ ನೋಡಬೇಕು. ಐದಾರು ಬಗೆ ತನ್ನಿ: ಸಿಸಿಐ ಸ್ಟ್ಯಾಂಡರ್ಡ್, ಸಿಸಿಐ ಮಿನಿ-ಮ್ಯಾಗ್, ಎಲೀ ಸಬ್‌ಸೋನಿಕ್ ಹಾಲೋ (ತುದಿ ಟೊಳ್ಳಾದ ಗುಂಡು), ಎಸ್‌ಕೆ ಒಂದು, ಇನ್ನೆರಡು ನಿಮಗೆ ಸುಲಭವಾಗಿ ಸಿಗುವುದು. ಸುಲಭವಾಗಿ ಸಿಗುವುದು ಅನ್ನೋದು ಮುಖ್ಯ. ಅದ್ಭುತವಾಗಿ ಕೂರುವ ತೋಟೆ ವರ್ಷಕ್ಕೊಮ್ಮೆ ಸಿಕ್ಕರೆ ಏನು ಬಂತು?

ಬಗೆ ಬದಲಿಸಿದಾಗ ಮೊದಲ ಹತ್ತು ಗುಂಡು ಲೆಕ್ಕಕ್ಕೆ ಹಿಡಿಯಬೇಡಿ. .22 ಗುಂಡಿನ ಮೈಗೆ ಮೇಣ ಅಥವಾ ಜಿಡ್ಡು ಸವರಿರುತ್ತಾರೆ, ಹಿಂದಿನದರ ಜಿಡ್ಡು ಹೋಗಿ ಹೊಸದು ನಳಿಗೆಗೆ ಹತ್ತಬೇಕು. ಆಮೇಲೆ 50 ಗಜದಲ್ಲಿ ಐದೈದು ಗುಂಡಿನ ಐದು ಗುಂಪು. ಮೂರು ಗುಂಡಿನ ಒಂದು ಚಂದದ ಗುಂಪಿನ ಫೋಟೋ ಹಾಕಿ ಕುಣಿಯುವವರನ್ನು ನಂಬಬೇಡಿ. ಐದು ಗುಂಪಿನಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಯಾವುದು ಅಂತ ನೋಡಿ. ಮೊಲಕ್ಕೆ ಬೀಳುವುದು ಸರಾಸರಿ ಗುಂಡಲ್ಲ, ಆ ಒಂದು ಗುಂಡು.

ಗೆದ್ದ ತೋಟೆಯ ಡಬ್ಬಿ ಮೇಲೆ ಲಾಟ್ ನಂಬರ್ (ಯಾವ ಕಂತಿನಲ್ಲಿ ತಯಾರಾಯಿತು ಅನ್ನೋದು) ಇರುತ್ತದೆ. ಬರೆದಿಟ್ಟುಕೊಳ್ಳಿ. ಅದೇ ಲಾಟ್ ಸಿಕ್ಕರೆ ಒಟ್ಟಿಗೆ ತಗೊಂಡುಬಿಡಿ. ಅದೇ ಹೆಸರಿನ ಬೇರೆ ಲಾಟ್ ಬೇರೆ ತೋಟೆಯೇ ಅಂತ ತಿಳಿಯಿರಿ.

ಹಾ, ನಳಿಗೆಯನ್ನು ದಿನಾ ಉಜ್ಜಬೇಡಿ. ಸೀಸದ ಗುಂಡಿನ .22 ನಳಿಗೆ ಸವೆದು ಹಾಳಾಗುವುದಕ್ಕಿಂತ ಅಡ್ಡಾದಿಡ್ಡಿ ರಾಡ್ ಹಾಕಿ ಹಾಳಾಗುವುದೇ ಹೆಚ್ಚು. ಚೇಂಬರಿನ ಮುಂದೆ ಕಟ್ಟುವ ಮಸಿಯ ಉಂಗುರ ತೆಗೆಯಿರಿ, ಅಷ್ಟು ಸಾಕು. ರಾಡ್ ಹಾಕಲೇಬೇಕು ಅಂದರೆ ಬೋಲ್ಟ್ ತೆಗೆದು ಹಿಂದಿನಿಂದ ಹಾಕಿ. ಬೋಲ್ಟ್ ಕೋವಿಯಲ್ಲಿ ಆ ಅನುಕೂಲ ಇದೆಯಲ್ಲ.

ಹೊಸಬ_ಶಿಕಾರಿ

ಖಾಲಿ ಕೋವಿಯಲ್ಲಿ ಟ್ರಿಗರ್ ಅಭ್ಯಾಸ ಮಾಡಬಹುದಾ? ಏರ್ ರೈಫಲ್‌ನಲ್ಲಿ ಬೇಡ ಅಂತಿದ್ದರು.

ಕಾಗದದ_ಗುರಿ

ರಿಮ್‌ಫೈರ್‌ನಲ್ಲಿ ಪಿನ್ ಹೊಡೆಯುವುದು ತೋಟೆಯ ಅಂಚಿಗೆ. ತೋಟೆ ಇಲ್ಲದಿದ್ದರೆ ಕೆಲವು ಕೋವಿಗಳಲ್ಲಿ ಅದು ಚೇಂಬರಿನ ಬಾಯಿಯ ಉಕ್ಕಿಗೇ ಬಡಿದು ಕಚ್ಚು ಬೀಳಿಸುತ್ತದೆ. ಕೋವಿಯ ಜೊತೆ ಬಂದ ಪುಸ್ತಕ ಓದಿ. ಅದರಲ್ಲಿ ಪರವಾಗಿಲ್ಲ ಅಂತ ಬರೆದಿದ್ದರೆ ಸರಿ, ಇಲ್ಲದಿದ್ದರೆ ಡಮ್ಮಿ ತೋಟೆ ಹಾಕಿ ಮಾಡಿ.

ಹಳೇಬೋಲ್ಟ್

ಪಿನ್ ಮಾತು ಬಂತು, ಹೇಳಿಬಿಡುತ್ತೇನೆ. ರಿಮ್‌ಫೈರ್ ತೋಟೆಯ ಕಿಡಿಮದ್ದು ಅಂಚಿನ ಸುತ್ತ ಒಳಗಡೆ ಹರಡಿರುತ್ತದೆ. ಒಂದು ಕಡೆ ಸರಿಯಾಗಿ ಹರಡಿಲ್ಲದಿದ್ದರೆ ಟಿಕ್ ಅಂದು ಸುಮ್ಮನಾಗುತ್ತದೆ. ಆಗ ತಕ್ಷಣ ಬೋಲ್ಟ್ ಎಳೆಯಬೇಡಿ. ಮೂತಿಯನ್ನು ಮಣ್ಣಿನ ಕಡೆಗೇ ಇಟ್ಟು ಅರ್ಧ ನಿಮಿಷ ಕಾಯಿರಿ. ತಡವಾಗಿ ಹಾರುವುದು ಅಪರೂಪ, ಆದರೆ ಇದೆ. ಮೊಲ ಓಡಿಹೋಗಲಿ ಬಿಡಿ.

ಇದಕ್ಕಿಂತ ದೊಡ್ಡದು ಸಿಡಿದು ಹಾರುವ ಗುಂಡು. .22ನ ಡಬ್ಬಿ ಮೇಲೆ ಒಂದೂವರೆ ಮೈಲಿ ಅಂತ ಎಚ್ಚರಿಕೆ ಹಾಕಿರುತ್ತಾರೆ, ಅದು ಅಲಂಕಾರಕ್ಕಲ್ಲ. ನಿಧಾನದ, ದುಂಡು ಮೂತಿಯ ಸೀಸದ ಗುಂಡು ಗಟ್ಟಿ ನೆಲಕ್ಕೆ, ಕಲ್ಲಿಗೆ, ನೀರಿಗೆ ಓರೆಯಾಗಿ ತಾಗಿದರೆ ಪುಟಿದು ಹೋಗುತ್ತದೆ. ನಾನು ಒಂದು ಸಲ ಒಣಗಿ ಕಲ್ಲಾದ ಹೊಲದಲ್ಲಿ 60 ಗಜದ ಮೊಲಕ್ಕೆ ಮಲಗಿ ಹೊಡೆದೆ. ತಪ್ಪಿತು. ಗುಂಯ್ ಅಂತ ಸದ್ದು ಹೊರಟಿತು, ನಿಲ್ಲಲೇ ಇಲ್ಲ. ಆ ದಿಕ್ಕಿನಲ್ಲಿ ಮನೆ ಇರಲಿಲ್ಲ ಅನ್ನೋದು ನನಗೆ ಗೊತ್ತಾದದ್ದು ಹೋಗಿ ನೋಡಿಕೊಂಡು ಬಂದ ಮೇಲೆ. ಹೊಡೆಯುವ ಮುಂಚೆ ಗೊತ್ತಿರಬೇಕಿತ್ತು.

ಅಳಿಲಿಗೂ ಅಷ್ಟೇ. ಮರದ ತುದಿಯಲ್ಲಿ ಆಕಾಶದ ಎದುರು ಕೂತ ಅಳಿಲಿಗೆ .22 ಹಾರಿಸಬೇಡಿ. ದಪ್ಪ ಕಾಂಡಕ್ಕೆ ಒತ್ತಿಕೊಂಡಾಗ ಮಾತ್ರ.

ಹದಿನೇಳರವನು

ಈ ವಿಷಯದಲ್ಲಿ .17 ಮೇಲು ಅಂತ ಒಪ್ಪಿಕೊಳ್ಳಿ. ಒಡೆದುಹೋಗುವ ಗುಂಡು ಪುಟಿಯುವುದು ಕಡಿಮೆ.

ಹಳೇಬೋಲ್ಟ್

ಒಪ್ಪಿದೆ. ಕಡಿಮೆ. ಇಲ್ಲವೇ ಇಲ್ಲ ಅಂತಲ್ಲ.

ಹೊಸಬ_ಶಿಕಾರಿ

ಐದು ವಾರ ಆಯಿತು. ಬಂದು ಹೇಳದೆ ಇದ್ದರೆ ತಪ್ಪಾಗುತ್ತದೆ.

ನಾಲ್ಕನ್ನೂ ಭುಜಕ್ಕಿಟ್ಟು ನೋಡಿದೆ. ಕಣ್ಣು ಮುಚ್ಚಿ ಎತ್ತೋದು ನೋಡಿ ಪಕ್ಕದಲ್ಲಿದ್ದವರು ನಕ್ಕರು. ಟಿಕ್ಕಾ ಬೋಲ್ಟ್ ನಿಜಕ್ಕೂ ಬೆಣ್ಣೆ. ಆದರೆ ಕೆನ್ನೆ ತಾನಾಗಿ ಬಂದು ಕೂತದ್ದು ಸಿಝಡ್ 457 ಅಮೆರಿಕನ್ ಮೇಲೆ. ಅದನ್ನೇ ತಂದೆ, ಉದ್ದ ನಳಿಗೆಯದ್ದು. ನಾನಿರುವ ಕಡೆ ಸಪ್ರೆಸರ್‌ಗೆ ಅವಕಾಶ ಇಲ್ಲ, ಹಾಗಾಗಿ 24.8 ಇಂಚು ಹೊರೆ ಅನಿಸಲಿಲ್ಲ. ಸ್ಕೋಪ್ 2ರಿಂದ 7, 50 ಗಜದ ಪ್ಯಾರಲಾಕ್ಸ್. ರಿಂಗ್ 11 ಮಿ.ಮೀ. ಅಂತ ಎರಡು ಸಲ ಕೇಳಿ ತಂದೆ ಅಕ್ಕ.

ತೋಟೆ ಆರು ಬಗೆ. ಐದೈದು ಗುಂಪು. ಬೆಳಗ್ಗೆ ಏಳಕ್ಕೆ ಶುರು ಮಾಡಿ ಮಧ್ಯಾಹ್ನ ಮುಗಿಯಿತು. ದುಬಾರಿ ಮ್ಯಾಚ್ ತೋಟೆ ಒಂದು ಇತ್ತು, ಅದರ ಕೆಟ್ಟ ಗುಂಪು ಒಂದೂಕಾಲು ಇಂಚು. ಹೆಂಗಸರ ಪರ್ಸಿನಷ್ಟು ಸಣ್ಣ ಡಬ್ಬಿಯಲ್ಲಿ ಬಂದ ಒಂದು ಸಾಮಾನ್ಯ ಸಬ್‌ಸೋನಿಕ್ ಹಾಲೋ ಪಾಯಿಂಟ್‌ನ ಕೆಟ್ಟ ಗುಂಪು ಮುಕ್ಕಾಲು ಇಂಚಿಗೂ ಕಡಿಮೆ. ನನಗೇ ನಂಬಿಕೆ ಬರದೆ ಇನ್ನೂ ಎರಡು ಗುಂಪು ಹೊಡೆದೆ. ಅವೂ ಹಾಗೇ.

ಆಮೇಲೆ ಹಳೇಬೋಲ್ಟ್ ಸರ್ ಹೇಳಿದ ಹಾಗೆ ಬೆಂಚ್ ಬಿಟ್ಟು ಮಂಡಿಯೂರಿದೆ. ಒಂದಿಂಚಿನ ಸ್ಟಿಕ್ಕರ್, 50 ಗಜ. ಐದರಲ್ಲಿ ಎರಡು. ಮುಖ ಸಣ್ಣದಾಯಿತು. 40ಕ್ಕೆ ಬಂದೆ, ನಾಲ್ಕು. 35ಕ್ಕೆ ಬಂದೆ, ಐದು. ಇನ್ನೊಮ್ಮೆ, ಐದು. ಸರಿ, ನನ್ನ ದೂರ 35 ಗಜ.

ಎರಡು ಬೆಳಗ್ಗೆ 60, 70 ಗಜದ ಮೊಲಗಳನ್ನು ನೋಡಿಕೊಂಡು ಕೂತೆ. ಮೂರನೇ ಬೆಳಗ್ಗೆ ಒಂದು ತಾನಾಗಿ ಹತ್ತಿರ ಬಂತು. ಹಿಂದೆ ಮಣ್ಣಿನ ದಿಬ್ಬ. 30 ಗಜ ಇರಬಹುದು. ಕಿವಿಯ ಬುಡಕ್ಕೆ ಒಂದೇ ಈಡು. ಕಾಲು ಒದೆಯಲೂ ಇಲ್ಲ. ಮಾಂಸ ಒಂದು ಚೂರೂ ಹಾಳಾಗಲಿಲ್ಲ.

ಹಳೇಬೋಲ್ಟ್

60 ಗಜದ ಮೊಲಗಳನ್ನು ಬಿಟ್ಟಿರಲ್ಲ, ಅದನ್ನು ಓದಿ ಖುಷಿಯಾಯಿತು. ಮೊದಲ ವರ್ಷ ನಾನು ಬಿಟ್ಟಿರಲಿಲ್ಲ. ಗಾಯವಾಗಿ ಬಿಲಕ್ಕೆ ಹೋದವು ಎಷ್ಟೋ.

ಮುಂದಿನ ತಿಂಗಳು ಅದೇ ಸ್ಟಿಕ್ಕರ್ 45ಕ್ಕೆ ಇಟ್ಟು ನೋಡಿ.

ಎಡಗೈ_ಅಕ್ಕ

ಶಭಾಷ್ ತಮ್ಮ. ಪಟ್ಟಿ ಸಡಿಲ ಬಿಟ್ಟು ತೋಳಿಗೆ ಸುತ್ತಿಕೊಂಡು ಮಂಡಿಯೂರಿ ನೋಡು, 35 ಬೇಗ 45 ಆಗುತ್ತದೆ.

ಹದಿನೇಳರವನು

ಅಭಿನಂದನೆ. .17ರ ನಳಿಗೆ ಯಾವಾಗ ತರ್ತೀರಿ?

ಕಾಗದದ_ಗುರಿ

ಕೆಟ್ಟ ಗುಂಪು ಮುಕ್ಕಾಲು ಇಂಚಿಗಿಂತ ಕಡಿಮೆ ಅಂದರೆ ಬೇಟೆಗೆ ಚಿನ್ನದಂಥ ತೋಟೆ. ಲಾಟ್ ನಂಬರ್ ಎಷ್ಟು? ನನ್ನ ಕಡೆ ಅದೇ ಲಾಟ್ ಇದ್ದರೆ ನಾನೂ ಒಮ್ಮೆ ನೋಡುತ್ತೇನೆ.

ಹೊಸಬ_ಶಿಕಾರಿ

ಸರ್… ಬರೆದುಕೊಳ್ಳಲಿಲ್ಲ. ತೋಟೆಗಳನ್ನು ಜೇಬಿಗೆ ಸುರಿದುಕೊಂಡು ಡಬ್ಬಿ ಎಸೆದುಬಿಟ್ಟೆ. ಉಳಿದಿರುವುದು ಹದಿನಾಲ್ಕು.

ಕಾಗದದ_ಗುರಿ

ಅಯ್ಯೋ.

ಮೌನಿ

ಕಸದ ಬುಟ್ಟಿ ನೋಡಿ.